ಮೊಯ್ದಿನಾಕ ರಿಪೇರಿ ಮಾಡಿದ ಇಗರ್ಜಿಗಳು

ನಮ್ಮ ಸ್ಟುಡಿಯೋಗೆ ಬರುವ ಗಿರಾಕಿಗಳು ಮೊನ್ನೆಯವರೆಗೆ ಮೊದಲು ನೋಡುತ್ತಿದ್ದದ್ದು ನನ್ನನ್ನಲ್ಲ, ಕೌಂಟರಿನ ಹಿಂದಿನ ಗೋಡೆಯಲ್ಲಿದ್ದ ಒಂದು ಫೋಟೋವನ್ನು. ದುಬೈಯ ಕ್ರೀಕ್ ಅನ್ನುವ ಹಿನ್ನೀರಿನ ದಂಡೆಯಲ್ಲಿ, ದೋಣಿಗಳ ಎದುರು, ಒಬ್ಬ ಗಂಡಸು ಮತ್ತು ಹಸಿರು ಶಾಲು ಹೊದ್ದ ಒಬ್ಬ ಹೆಂಗಸು ಪಕ್ಕಪಕ್ಕ ನಿಂತು ನಗುತ್ತಿದ್ದಾರೆ. ಗಾಳಿಗೆ ಶಾಲಿನ ಅಂಚು ಹಾರಿ ಅವನ ತೋಳಿಗೆ ತಾಗಿದೆ. ಆದರೆ ಆ ಫೋಟೋ ಆಗುವಾಗ ಆ ಹೆಂಗಸು ದುಬೈ ನೋಡಿದವಳೇ ಅಲ್ಲ. ಅವಳ ಫೋಟೋ ತೆಗೆದದ್ದು ಉಳ್ಳಾಲದ ಮನೆಯಂಗಳದಲ್ಲಿ, ಅವನದ್ದು ನಮ್ಮ ಅಂಗಡಿಯ ಬಿಳಿ ಪರದೆಯ ಮುಂದೆ. ಕ್ರೀಕ್ ಒಂದು ಮಾತ್ರ ಅಸಲಿ. ಎಲ್ಲವನ್ನೂ ಸೇರಿಸಿ ಒಂದು ಮಾಡಿದವರು ಫೋಟೋದಲ್ಲಿರುವ ಆ ಗಂಡಸೇ. ಹೆಸರು ಮುಹಿಯುದ್ದೀನ್, ಊರವರ ಬಾಯಲ್ಲಿ ಮೊಯ್ದಿನಾಕ. ಹೆಂಗಸು ಅವರ ಹೆಂಡತಿ ಜುಬೈದ.

ದುಬೈಯ ಅಲ್ ಮುರಕ್ಕಬಾತ್‌ನ ಈ ಅಂಗಡಿಗೆ ಹೆಸರಿಗೆ ನಾನು ಯಜಮಾನ. ಇದನ್ನು ಶುರುಮಾಡಿದ ನನ್ನ ಮಾವ ಮಂಗಳೂರಿಗೆ ಹಿಂದಿರುಗುವಾಗ ಕ್ಯಾಮೆರಾ, ಲೈಟು, ಪರದೆಗಳ ಜೊತೆ ಮೊಯ್ದಿನಾಕರನ್ನೂ ನನಗೆ ಒಪ್ಪಿಸಿ ಹೋದರು. ನಾನು ಅವರ ಮೇಲೆ ರೇಗುತ್ತೇನೆ, ಅವರು ಕೇಳಿಸದವರ ಹಾಗೆ ಇರುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ "ಪೊರ್ಬುಗಳೇ" ಅನ್ನುತ್ತಾರೆ, ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ.

ವೀಸಾಕ್ಕೆ, ಎಮಿರೇಟ್ಸ್ ಐಡಿಗೆ ಫೋಟೋ ತೆಗೆಯುವುದು ನನ್ನ ಕೆಲಸ. ಹಾಳಾದ ಫೋಟೋಗಳು ಅವರ ಪಾಲಿಗೆ. ಮಡಚಿ ಮಡಚಿ ಸೀಳಿದ ಅಜ್ಜಂದಿರು, ಗೆದ್ದಲು ತಿಂದ ಮದುಮಕ್ಕಳು, ನೀರಿಗೆ ಬಿದ್ದು ಮುಖ ಅಳಿಸಿಹೋದ ಅಮ್ಮಂದಿರು, ಎಲ್ಲರೂ ಅವರ ಕಂಪ್ಯೂಟರಿನಿಂದ ಹೊಸಬರಾಗಿ ಹೊರಬರುತ್ತಾರೆ. ಇನ್ನೊಂದು ಕೆಲಸವೂ ಇದೆ, ಅದು ಗಲ್ಫಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಊರಿನಲ್ಲಿ ಮಗಳ ಮದುವೆ ಆಗುತ್ತದೆ, ಅಪ್ಪನಿಗೆ ರಜೆ ಸಿಗುವುದಿಲ್ಲ. ಆಮೇಲೆ ಅಪ್ಪ ನಮ್ಮ ಅಂಗಡಿಗೆ ಕೋಟು ಹಾಕಿಕೊಂಡು ಬಂದು ಪರದೆಯ ಮುಂದೆ ನಿಲ್ಲುತ್ತಾನೆ, ಮೊಯ್ದಿನಾಕ ಅವನನ್ನು ಮದುವೆಯ ಮಂಟಪಕ್ಕೆ ಹತ್ತಿಸುತ್ತಾರೆ. ಹೀಗೆ ಒಮ್ಮೆಯೂ ಒಟ್ಟಿಗೆ ನಿಲ್ಲದ ಎಷ್ಟೋ ಕುಟುಂಬಗಳು ಇವರ ಕೈಯಿಂದ ಒಟ್ಟಿಗೆ ನಿಂತಿವೆ.

ಅವರಿಗೆ ಒಂದು ಚಟ. ಗಿರಾಕಿ ಕೇಳಿದ್ದಕ್ಕಿಂತ ಹೆಚ್ಚು ಮಾಡುವುದು. ಹರಿದ ಮೂಲೆ ಸರಿಮಾಡಿ ಅಂದರೆ, ಅಜ್ಜನ ಅಂಗಿಗೆ ಇಲ್ಲದ ಗುಂಡಿ ಹಾಕುತ್ತಾರೆ. ಹಿಂದಿನ ಗೋಡೆಯ ಗಾರೆ ಕಿತ್ತಿದ್ದರೆ ಗಾರೆ ಮೆತ್ತುತ್ತಾರೆ. ಇದಕ್ಕೆ ಯಾವ ಗಿರಾಕಿಯೂ ತಕರಾರು ಮಾಡಿದ್ದಿಲ್ಲ, ಬದಲಿಗೆ ಕೆಲವರು ಕಣ್ಣೀರು ಹಾಕಿ ಅವರ ಕೈ ಹಿಡಿದುಕೊಂಡದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ಚಟ ಬೆಳೆಯಿತು.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದವರಿಗೆ ಮುಖದ ಎಡಭಾಗ ತಮ್ಮ ಮಾತು ಕೇಳುವುದಿಲ್ಲ ಎಂದು ತಿಳಿಯಿತು. ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತು. ನಾನು ಗಾಬರಿಯಾಗಿ ಆಸ್ಪತ್ರೆಗೆ ಓಡಿಸಿಕೊಂಡು ಹೋದೆ. ಡಾಕ್ಟರು ಎಲ್ಲ ನೋಡಿ, ಇದು ಮಿದುಳಿನ ತೊಂದರೆಯಲ್ಲ, ಮುಖದ ನರ ಬಾತುಕೊಂಡದ್ದು, ಜೀವಕ್ಕೆ ಏನೂ ಭಯವಿಲ್ಲ ಎಂದರು. ಮಾತ್ರೆ, ವ್ಯಾಯಾಮ ಎಲ್ಲ ಆಗಿ ಮುಕ್ಕಾಲು ಪಾಲು ಸರಿಯೂ ಆಯಿತು. ಆದರೆ ಬಾಯಿಯ ಎಡ ತುದಿ ಕೆಳಗೆ ಜಾರಿದ್ದು ಹಾಗೆಯೇ ಉಳಿಯಿತು, ಎಡಗಣ್ಣು ಪೂರ್ತಿ ಮುಚ್ಚುವುದನ್ನು ಮರೆಯಿತು. ನಕ್ಕರೆ ಅರ್ಧ ಮುಖ ನಗುತ್ತದೆ, ಉಳಿದರ್ಧ ಸುಮ್ಮನೆ ನೋಡುತ್ತದೆ.

ಇದನ್ನು ಅವರು ಜುಬೈದಾಗೆ ಹೇಳಲಿಲ್ಲ. ಬಿಪಿ ಇದೆ, ಹೆದರುತ್ತಾಳೆ ಎಂದರು. ಮೊದಲು ಅದು ನಿಜವಾದ ಕಾರಣವೇ ಆಗಿತ್ತು. ಆಮೇಲೆ ದಿನ ಕಳೆದ ಹಾಗೆ ಹೇಳದೆ ಇದ್ದದ್ದೇ ದೊಡ್ಡ ವಿಷಯವಾಗಿ, ಹೇಳುವುದು ಇನ್ನೂ ಕಷ್ಟವಾಯಿತು. ಬೋಟಿಮ್ ಆ್ಯಪ್‌ನಲ್ಲಿ ವಿಡಿಯೋ ಕಾಲ್ ಬಂದರೆ ಕ್ಯಾಮೆರಾ ಹಾಳಾಗಿದೆ ಅನ್ನುತ್ತಿದ್ದರು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಹೆಂಡತಿಗೆ ಒಂದು ಫೋಟೋ ಕಳಿಸುವುದು ಅವರ ಹಳೆಯ ರೂಢಿ. ಅದನ್ನು ತಪ್ಪಿಸಿದರೆ ಅನುಮಾನ ಬರುತ್ತದಲ್ಲ! ಅದಕ್ಕೆ ಹೊಸ ಅಂಗಿ ಹಾಕಿ ಫೋಟೋ ತೆಗೆಸಿಕೊಂಡು, ಕತ್ತಿನ ಮೇಲೆ ಹಳೆಯ ಮುಖ ಕೂರಿಸಿ ಕಳಿಸುತ್ತಿದ್ದರು. ಚಟ ಇಲ್ಲೂ ಬಿಡಲಿಲ್ಲ. ಕಣ್ಣ ಕೆಳಗಿನ ಕಪ್ಪು ತೆಗೆದರು, ನೆರೆತ ಮೀಸೆಗೆ ಸ್ವಲ್ಪ ಬಣ್ಣ ಕೊಟ್ಟರು.

"ಇದು ಎಷ್ಟು ದಿನ ನಡೀತದೆ ಮಾರಾಯ್ರೆ?" ಎಂದು ನಾನು ಕೇಳಿದರೆ, "ಸರಿ ಆಗ್ತದೆ ಪೊರ್ಬುಗಳೇ, ಊರಿಗೆ ಹೋಗುವಷ್ಟರಲ್ಲಿ ಸರಿ ಆಗ್ತದೆ" ಅನ್ನುತ್ತಿದ್ದರು.

ಅವರು ಊರಿಗೆ ಹೋಗುವ ಮೊದಲೇ ಊರು ಇಲ್ಲಿಗೆ ಹೊರಟಿತು. ಒಂದು ದಿನ ಮಧ್ಯಾಹ್ನ ಫೋನ್ ಇಟ್ಟು ಕುರ್ಚಿಯಲ್ಲಿ ಕುಸಿದು ಕುಳಿತರು.

"ಜುಬೈದ ಬರ್ತಾಳಂತೆ. ಒಂದು ತಿಂಗಳ ವೀಸಾ ಆಯ್ತು, ಟಿಕೆಟ್ ಸಹ ಆಯ್ತು. ಬರುವ ಆದಿತ್ಯವಾರ ಬೆಳಿಗ್ಗೆ ಇಳೀತಾಳೆ."

"ನೀವು ವೀಸಾ ಯಾವಾಗ ತೆಗ್ದದ್ದು?"

"ನಾನಲ್ಲ. ಅವಳ ತಮ್ಮ ಮೂಸಬ್ಬ ಇಲ್ಲೇ ಅಬುಧಾಬಿ ಕಡೆ ರುವೈಸಲ್ಲಿ ಇದ್ದಾನಲ್ಲ, ಅವ ತೆಗ್ದದ್ದು. ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ."

ನನಗೆ ಅದು ವಿಚಿತ್ರ ಅನಿಸಿತು. ಇಷ್ಟು ವರ್ಷ ಕರೆದರೂ ಬಾರದವಳು, ಮೊಮ್ಮಕ್ಕಳನ್ನು ಬಿಟ್ಟು ಒಂದು ದಿನ ಇರಲಾರೆ ಅನ್ನುತ್ತಿದ್ದವಳು, ಗಂಡನನ್ನು ಬಿಟ್ಟು ತಮ್ಮನ ಕೈಯಲ್ಲಿ ವೀಸಾ ತೆಗೆಸುವುದೆಂದರೆ? ಆದರೆ ಮೊಯ್ದಿನಾಕರಿಗೆ ಅದನ್ನು ಯೋಚಿಸುವ ತ್ರಾಣ ಇರಲಿಲ್ಲ.

"ಮಾಸ್ಕ್ ಹಾಕ್ತೇನೆ. ಶೀತ ಅಂತ ಹೇಳ್ತೇನೆ" ಎಂದರು.

"ಒಂದು ತಿಂಗಳು ಶೀತವಾ? ಊಟ ಮಾಡುವಾಗ ಎಂತ ಮಾಡ್ತೀರಿ, ಮಾಸ್ಕಿಗೆ ತೂತು ಮಾಡ್ತೀರಾ?"

ಅವರು ಎದುರಿಗಿದ್ದ ಕೆಲಸಕ್ಕೆ ಮುಖ ತಿರುಗಿಸಿದರು. ಆ ಕೆಲಸವೇ ರೀಮಾ ಮೇಡಂ ಅವರದ್ದು.

ರೀಮಾ ಉಡುಪಿ ಕಡೆಯವರು, ಅಬುಧಾಬಿಯ ಒಂದು ಕಾಲೇಜಿನಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಪಾಠ ಮಾಡುತ್ತಾರೆ. ಅವರ ಹತ್ತಿರ ಆರು ಹಳೆಯ ಚಿತ್ರಗಳಿದ್ದವು. ಇನ್ನೂರು ವರ್ಷ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಮೊನೆಯಿಂದ ಕೆತ್ತಿ, ಮಸಿ ತುಂಬಿ, ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳು. ಆರರಲ್ಲೂ ಪಾಳುಬಿದ್ದ ಗಾಥಿಕ್ ಇಗರ್ಜಿಗಳು, ಅಂದರೆ ಚರ್ಚುಗಳು. ಚೂಪು ಕಮಾನು, ಎತ್ತರದ ಕಿಟಕಿ, ಆದರೆ ಮೇಲೆ ಮಾಡು ಇಲ್ಲ, ಆಕಾಶ ಕಾಣುತ್ತದೆ, ಗೋಡೆ ಸೀಳಿದೆ, ಕಲ್ಲಿನ ಸಂದಿಯಿಂದ ಮರ ಹೊರಟಿದೆ. ಅಸಲು ಕಾಗದಗಳನ್ನು ಮನೆಯಲ್ಲೇ ಇಟ್ಟುಕೊಂಡು, ಸ್ಕ್ಯಾನ್ ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಕಾಗದದ ಮೇಲಿನ ಕಂದು ಕಲೆ, ಹುಳು ತಿಂದ ತೂತು, ಮಡಿಕೆಯ ಗೆರೆ, ಇಷ್ಟು ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿ ಫ್ರೇಮ್ ಮಾಡಿಕೊಡಬೇಕು, ಮುಂದಿನ ವಾರ ಕಾಲೇಜಿನಲ್ಲಿ ಪ್ರದರ್ಶನ ಇದೆ ಎಂದು ಸ್ಪಷ್ಟವಾಗಿಯೇ ಹೇಳಿ ಹೋದರು.

ಮೊಯ್ದಿನಾಕ ಮೊದಲ ದಿನ ಕಲೆ ತೆಗೆದರು, ತೂತು ಮುಚ್ಚಿದರು. ಆಮೇಲೆ ಜುಬೈದಾಳ ಫೋನ್ ಬಂದದ್ದು. ಆ ಸಂಕಟದಲ್ಲಿ ಮನುಷ್ಯ ಮಾಡಿದ್ದೇನು? ಗೋಡೆಯ ಸೀಳು ಮುಚ್ಚಿದರು. ಸೀಳು ಹೋದ ಮೇಲೆ ಅದರೊಳಗಿನ ಮರಕ್ಕೆ ಅಲ್ಲೇನು ಕೆಲಸ ಎಂದು ಮರ ಕಿತ್ತರು. ಒಂದು ಕಿಟಕಿ ಸರಿ ಇತ್ತು, ಅದನ್ನು ನೋಡಿ ಮುರಿದ ಕಿಟಕಿಗಳನ್ನೆಲ್ಲ ಕಟ್ಟಿದರು. ಕೊನೆಗೆ ಮಾಡೂ ಹಾಕಿದರು. ಪ್ರಿಂಟ್ ಬಂದಾಗ ನಾನೂ ನೋಡಿದೆ. ಬೈಯಬೇಕಾದವನು ನಾನು. ಆದರೆ ಆ ಕಮಾನು, ಆ ಗೋಪುರ ನೋಡುವಾಗ ಊರಿನ ಇಗರ್ಜಿ, ಕ್ರಿಸ್ಮಸ್ಸಿನ ಹಿಂದಿನ ವಾರ ಸುಣ್ಣ ಬಳಿದು ನಿಲ್ಲುವ ನಮ್ಮ ಇಗರ್ಜಿ ನೆನಪಾಗಿ, "ಭಾರೀ ಚಂದ ಆಗಿದೆ ಮೊಯ್ದಿನಾಕ" ಎಂದುಬಿಟ್ಟೆ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆರೂ ಫ್ರೇಮುಗಳನ್ನು ವ್ಯಾನಿಗೆ ಹಾಕಿಕೊಂಡು ಇಬ್ಬರೂ ಹೊರಟೆವು. ಹೇಳಿದ ಹಾಗೆಯೇ ಮೊಯ್ದಿನಾಕ ಆಗಲೇ ಮಾಸ್ಕ್ ಹಾಕಲು ಶುರುಮಾಡಿದ್ದರು. ರೀಮಾ ಇರುವುದು ಅಬುಧಾಬಿಯ ಬನಿಯಾಸ್‌ನಲ್ಲಿ, ಒಂದು ವಿಲ್ಲಾದ ಮೇಲಿನ ಭಾಗದಲ್ಲಿ. ಚಾ ಕೊಟ್ಟರು. ಮೊದಲ ಫ್ರೇಮಿನ ಕಾಗದ ಬಿಚ್ಚಿ ತುಂಬ ಹೊತ್ತು ನೋಡಿದರು.

"ಇದು ಯಾವ ಬಿಲ್ಡಿಂಗ್ ಸರ್?"

"ನಿಮ್ಮದೇ ಮೇಡಂ" ಎಂದೆ.

"ನನ್ನದಕ್ಕೆ ರೂಫ್ ಇರ್ಲಿಲ್ಲ."

ನಾನು ಚಾದ ಲೋಟ ಕೆಳಗಿಟ್ಟೆ. ಅವರು ಎರಡನೆಯದು ಬಿಚ್ಚಿದರು, ಮೂರನೆಯದು ಬಿಚ್ಚಿದರು. "ಇಲ್ಲಿ ಬಾಗಿಲ ಹತ್ರ ಎರಡು ಆಡು ಇತ್ತಲ್ಲ, ಅದೆಲ್ಲಿ?"

ಮೊಯ್ದಿನಾಕ ಎದ್ದು ನಿಂತು, ಮಾಸ್ಕಿನ ಒಳಗಿನಿಂದಲೇ ಹೇಳಿದರು. "ಆಡು ನಾನು ತೆಗ್ದೆ ಮೇಡಂ. ಇಗರ್ಜಿ ಒಳಗೆ ಆಡು ಯಾಕೆ ಅಂತ..."

ರೀಮಾಗೆ ಕೋಪ ಬಂದಿತ್ತು, ಬಾರದೆ ಇರುತ್ತದೆಯೇ? ಆದರೆ ಆಡಿನ ಮಾತಿಗೆ ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕಣ್ಣು ಒರೆಸಿಕೊಂಡು, ಒಳಗಿನಿಂದ ಅಸಲು ಚಿತ್ರವನ್ನೂ ಒಂದು ಭೂತಗನ್ನಡಿಯನ್ನೂ ತಂದು ಮೊಯ್ದಿನಾಕರ ಮುಂದೆ ಇಟ್ಟರು.

"ನೋಡಿ. ಈ ಬಿರುಕನ್ನು ಅಂದಾಜಿಗೆ ಗೀಚಿದ್ದಲ್ಲ. ಎಲ್ಲಿ ಶುರುವಾಗಿ ಎಲ್ಲಿಗೆ ಹೋಗಿದೆ ಅಂತ ನೋಡಿ ನೋಡಿ ಕೆತ್ತಿದ್ದು. ಕಮಾನಿನ ತುದಿಯಲ್ಲಿ ನೀರು ಇಳೀತು, ಬೇರು ಹೋಯ್ತು, ಈ ಕಲ್ಲು ಜಾರಿತು. ಆಮೇಲೆ ಈ ಚರ್ಚ್ ಪೂರ್ತಿ ಬಿತ್ತು. ಅದಕ್ಕೆ ಏನಾಯ್ತು ಅಂತ ಹೇಳ್ಲಿಕ್ಕೆ ಈಗ ಈ ಕಾಗದ ಒಂದೇ ಇರೋದು. ನೀವು ಸರಿ ಮಾಡಿದ್ದನ್ನು ನೋಡಿದ್ರೆ ಅದಕ್ಕೆ ಏನೂ ಆಗೇ ಇಲ್ಲ ಅಂತ ಕಾಣ್ತದೆ. ಮತ್ತೆ ನನ್ನ ಸ್ಟೂಡೆಂಟ್ಸ್ ಎಂತ ಕಲೀತಾರೆ?"

ಮೊಯ್ದಿನಾಕ ಭೂತಗನ್ನಡಿಗೆ ಕಣ್ಣಿಟ್ಟರು. ಸರಿಯಾಗಿ ಕಾಣಲಿ ಎಂದು ಮಾಸ್ಕ್ ಕೆಳಗೆ ಎಳೆದುಕೊಂಡರು. ಬಿರುಕಿನ ಒಂದೊಂದು ಗೆರೆಯನ್ನೂ ಮೇಲಿನಿಂದ ಕೆಳಗಿನವರೆಗೆ ಹಿಂಬಾಲಿಸಿಕೊಂಡು ಹೋದರು.

"ಎಂಥ ಕೈ ಮೇಡಂ ಇವನದ್ದು" ಎಂದರು. "ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾನು ಅಳಿಸಿಬಿಟ್ಟೆ."

ರೀಮಾ ಮೊಯ್ದಿನಾಕರ ಮುಖ ನೋಡಿದರು. ಜಾರಿದ ಬಾಯಿಯನ್ನೂ ನೋಡಿದರು. ಇನ್ನೊಂದು ಲೋಟ ಚಾ ಸುರಿದು ಕೊಟ್ಟರು. ಮೂಲ ಸ್ಕ್ಯಾನ್ ರೀಮಾ ಬಳಿಯೇ ಇತ್ತು, ಪ್ರದರ್ಶನ ಬುಧವಾರ. ಮತ್ತೆ ಮಾಡಿಕೊಡುತ್ತೇವೆ ಎಂದು ನಾನು ಮಾತು ಕೊಟ್ಟೆ. ಹೊರಡುವಾಗ ರೀಮಾ ಹೇಳಿದರು, "ಅಂಕಲ್, ಆಡನ್ನು ಮಾತ್ರ ಮರೀಬೇಡಿ."

ದುಬೈಗೆ ವಾಪಸು ಬರುವಾಗ ನನಗೋ ನನ್ನ ಮೇಲೆಯೇ ಸಿಟ್ಟು. ಹಾಸನದ ಶೆಟ್ಟಿಹಳ್ಳಿಯಲ್ಲಿ ನೀರಿನ ನಡುವೆ ಮಾಡು ಹೋದ ಇಗರ್ಜಿ ಇದೆಯಲ್ಲ, ಅದನ್ನು ನೋಡಲೆಂದೇ ನಾನು ಮತ್ತು ನನ್ನ ಹೆಂಡತಿ ಬಿಸಿಲಲ್ಲಿ ಅಷ್ಟು ದೂರ ಹೋಗಿದ್ದೆವು. ಯಾರಾದರೂ ಅದಕ್ಕೆ ಸಿಮೆಂಟು ಬಳಿದು ತಗಡು ಹೊದೆಸಿದ್ದರೆ ನಾನೇ ಮೊದಲು ಬೈಯುತ್ತಿದ್ದೆ. ಅಂಗಡಿಯಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ!

"ಪೊರ್ಬುಗಳೇ" ಎಂದರು ಮೊಯ್ದಿನಾಕ. "ನಾನು ಜುಬೈದಾಗೂ ಮಾಡು ಹಾಕಿದ ಇಗರ್ಜಿಯನ್ನೇ ಕಳಿಸಿದ್ದಲ್ವಾ?"

ನಾನು ಸ್ಟೇರಿಂಗ್ ಹಿಡಿದು ರಸ್ತೆ ನೋಡಿದೆ.

"ನನಗೆ ಹೆದರಿಕೆ ಅವಳ ಬಿಪಿಯದ್ದಲ್ಲ. ಅವಳು ನನ್ನನ್ನು ನೋಡಿ ಮುಖ ತಿರುಗಿಸಿದ್ರೆ? ವರ್ಷಕ್ಕೆ ಒಂದು ತಿಂಗಳು ಕಂಡ ಮುಖ. ಅದೂ ಹೀಗೆ ಆದ್ರೆ ಅವಳಿಗೆ ನನ್ನಲ್ಲಿ ಎಂತ ಉಳೀತದೆ?"

ಮರುದಿನ ಅವರು ಹೊಸದಾಗಿ ಕುಳಿತರು. ಈ ಸಲ ಕೆಲಸ ನಿಧಾನ. ಯಾವುದು ಕಾಗದದ ಬಿರುಕು, ಯಾವುದು ಗೋಡೆಯ ಬಿರುಕು ಎಂದು ನೋಡಿ, ಕಾಗದದ್ದನ್ನು ಮಾತ್ರ ತೆಗೆಯಬೇಕು. ಅನುಮಾನ ಬಂದರೆ ರೀಮಾಗೆ ಫೋನ್ ಮಾಡಿ ಕೇಳಿದರು. ಸಂಜೆ ಹೊತ್ತಿಗೆ ಎದ್ದು ಮುಖ ತೊಳೆದು ಬಂದು ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕುಳಿತರು.

"ಒಂದು ಫೋಟೋ ತೆಗೀರಿ. ಮತ್ತೆ ಮುಟ್ಲಿಕ್ಕಿಲ್ಲ."

ತೆಗೆದೆ. ಅವರು ನಗಲು ನೋಡಿದರು, ಅರ್ಧ ನಗು ಬಂತು. ಅದನ್ನು ಫೋನಿಗೆ ಹಾಕಿಕೊಂಡು ಕೈಯಲ್ಲಿ ಹಿಡಿದೇ ಕುಳಿತರು. ಕಳಿಸಿದ್ದು ಮಾತ್ರ ಮರುದಿನ ಬೆಳಿಗ್ಗೆ, ಜುಬೈದ ಮಂಗಳೂರಿನಲ್ಲಿ ವಿಮಾನ ಹತ್ತಿದ ಮೇಲೆ. ಫೋನಿನಲ್ಲಿ ಕಳಿಸಿದ್ದಕ್ಕೆ ಒಂದೇ ಟಿಕ್ ಗೀಟು ಬಿತ್ತು, ತಲುಪಿದ್ದಕ್ಕೆ ಬೀಳುವ ಎರಡನೆಯದು ಬೀಳಲಿಲ್ಲ. ಅವಳ ಫೋನ್ ಬಂದ್ ಆಗಿತ್ತು.

ಟರ್ಮಿನಲ್ ಎರಡರ ಹೊರಬಾಗಿಲಲ್ಲಿ ನಿಂತೆವು. ಮಾಸ್ಕ್ ಹಾಕಿಕೊಂಡೇ ಬಂದಿದ್ದರು. ಜನ ಬರತೊಡಗಿದ ಮೇಲೆ ಒಮ್ಮೆ ತೆಗೆದರು, ಮತ್ತೆ ಹಾಕಿದರು. ನನಗೆ ರೇಗಿತು.

"ಒಂದು ತೀರ್ಮಾನ ಮಾಡಿ ಮಾರಾಯ್ರೆ. ಹಾಕುದಾ, ತೆಗ್ಯುದಾ?"

"ಖಲಾಸ್" ಎಂದು ಮಾಸ್ಕ್ ತೆಗೆದು ನನ್ನ ಕೈಗೆ ತುರುಕಿದರು.

ಜುಬೈದ ಬಂದರು. ಕಪ್ಪು ಬುರ್ಖಾ, ತಲೆಗೆ ಅದೇ ಹಸಿರು ಶಾಲು. ಟ್ರಾಲಿಯಲ್ಲಿ ಹಗ್ಗ ಬಿಗಿದ ಪೆಟ್ಟಿಗೆ. ಗಂಡನನ್ನು ಕಂಡು ನಿಂತರು. ಮುಖವನ್ನು ನೋಡಿದರು, ಹತ್ತಿರ ಬಂದು ಇನ್ನೊಮ್ಮೆ ನೋಡಿದರು. ಆಮೇಲೆ ಮಾಡಿದ್ದು ನಾವಿಬ್ಬರೂ ನಿರೀಕ್ಷಿಸದ್ದು. ಮೊಯ್ದಿನಾಕರ ಬೆನ್ನ ಹಿಂದೆ ಇಣುಕಿದರು, ನನ್ನ ಬೆನ್ನ ಹಿಂದೆಯೂ ಇಣುಕಿದರು.

"ಎಲ್ಲಿ ಅವಳು?" ಎಂದರು.

"ಯಾರು?"

"ನೀವು ಇಲ್ಲಿ ಕಟ್ಟಿಕೊಂಡವಳು!"

ಮೊಯ್ದಿನಾಕ ಬಾಯಿ ತೆರೆಯುವ ಮೊದಲೇ ಜುಬೈದ ಬ್ಯಾರಿ ಭಾಷೆಯಲ್ಲಿ ಸುರಿಸತೊಡಗಿದರು. ನನಗೆ ಆಡಲು ಬಾರದಿದ್ದರೂ ಅರ್ಥವಾಗುತ್ತದೆ. ಎಂಟು ತಿಂಗಳಿಂದ ವಿಡಿಯೋ ಇಲ್ಲ. ಕ್ಯಾಮೆರಾ ಹಾಳಂತೆ, ಫೋಟೋ ಅಂಗಡಿಯವನಿಗೆ ಕ್ಯಾಮೆರಾ ಇಲ್ಲವಂತೆ! ವಾರವಾರವೂ ಹೊಸ ಅಂಗಿ. ಮೀಸೆಗೆ ಬಣ್ಣ. ಮುಖ ನೋಡಿದರೆ ದಿನ ಹೋದ ಹಾಗೆ ಎಳೆಯದಾಗುತ್ತಿದೆ. ಈ ಪ್ರಾಯದಲ್ಲಿ ಗಂಡಸು ಸುಮ್ಮನೆ ಸಿಂಗಾರ ಮಾಡುತ್ತಾನೆಯೇ? ಇನ್ನೊಂದು ನಿಕಾಹ್ ಆಗಿದೆ ಎಂದುಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ಅದಕ್ಕೇ ತಮ್ಮನಲ್ಲಿ ಅತ್ತು ವೀಸಾ ತೆಗೆಸಿದ್ದು.

"ಇಲ್ಲ ಜುಬೈದಾ" ಎಂದರು ಮೊಯ್ದಿನಾಕ ಕೊನೆಗೂ. "ನನ್ನ ಮುಖದ ನರ ಹೋಯ್ತು. ಬಾಯಿ ಸೊಟ್ಟ ಆಯ್ತು. ನೀನು ಹೆದರ್ತಿ ಅಂತ ಹಳೇ ಮುಖ ಅಂಟಿಸಿ ಕಳಿಸ್ತಾ ಇದ್ದೆ."

ಜುಬೈದ ಎರಡೂ ಕೈಯಿಂದ ಅವರ ಕೆನ್ನೆ ಹಿಡಿದರು. ಹೆಬ್ಬೆರಳಿನಿಂದ ಜಾರಿದ ತುದಿಯನ್ನು ಮೇಲಕ್ಕೆ ಎತ್ತಿ ನೋಡಿದರು, ಬಿಟ್ಟರು. ಅದು ಮತ್ತೆ ಜಾರಿತು.

"ಇಷ್ಟೇಯಾ?"

"ಇಷ್ಟೇ."

"ಬೇರೆ ಯಾರೂ ಇಲ್ವಾ?"

"ಅಲ್ಲಾಹನ ಆಣೆ, ಯಾರೂ ಇಲ್ಲ."

ಜುಬೈದ ಟ್ರಾಲಿಯ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರೋ ನಕ್ಕರೋ, ಎರಡೂ ಒಟ್ಟಿಗೆ ಬಂತು. "ಅಲ್‌ಹಮ್ದುಲಿಲ್ಲಾ, ಬಾಯಿ ಸೊಟ್ಟ ಆದದ್ದು ಮಾತ್ರ" ಎಂದು ಪಕ್ಕದಲ್ಲಿ ಹೋಗುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದರು. ಗಂಡನಿಗೆ ರೋಗ ಬಂದದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಡತಿಯನ್ನು ನಾನು ಬೇರೆ ಕಂಡಿಲ್ಲ. ಮೊಯ್ದಿನಾಕರ ಭುಜ ಎಂಟು ತಿಂಗಳ ಮೇಲೆ ಮೊದಲ ಸಲ ಕೆಳಗೆ ಇಳಿಯಿತು. ನನಗೂ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಅಷ್ಟು ಹೊತ್ತಿಗೆ ಜುಬೈದಾರ ಫೋನಿಗೆ ಬೆಳಗಿನ ಫೋಟೋ ತಲುಪಿತು. ತೆರೆದು ನೋಡಿದರು. "ಹ್ಞಾ, ಇದು ಸರಿ ಉಂಟು" ಎಂದರು. "ಬಾಕಿ ಫೋಟೋದಲ್ಲೆಲ್ಲ ಒಂದೇ ನಗು, ಅಂಗಿ ಮಾತ್ರ ಬೇರೆ. ನನಗೆ ಅಷ್ಟೂ ಗೊತ್ತಾಗುದಿಲ್ವಾ?"

ಕೆಲಸದಲ್ಲಿ ತಪ್ಪು ಹುಡುಕಿದ್ದಕ್ಕೆ ಮೊಯ್ದಿನಾಕರಿಗೆ ಸ್ವಲ್ಪ ಬೇಸರವಾಯಿತು. ನಾನು ನೋಡಿದೆ.

ಬುಧವಾರ ಪ್ರದರ್ಶನಕ್ಕೆ ಮೂವರೂ ಹೋದೆವು. ಮಾಡು ಇಲ್ಲದ ಇಗರ್ಜಿಗಳು ತಮ್ಮ ಬಿರುಕು, ಮರ, ಆಡುಗಳ ಜೊತೆ ಸಾಲಾಗಿ ಗೋಡೆಯ ಮೇಲಿದ್ದವು. ಕಾಲೇಜಿನ ಮಕ್ಕಳು ಒಂದೊಂದು ಬಿರುಕಿನ ಎದುರೂ ನಿಂತು ಏನೋ ಬರೆದುಕೊಳ್ಳುತ್ತಿದ್ದರು. ಜುಬೈದ ಒಂದರ ಮುಂದೆ ನಿಂತು, "ಇಷ್ಟು ಹಳೇದಾದ್ರೂ ಎಷ್ಟು ಗಟ್ಟಿ ನಿಂತಿದೆ" ಎಂದರು. ಅದು ಆಮೇಲೆ ಬಿತ್ತು ಎಂದು ಹೇಳಲು ನಾನು ಹೋಗಲಿಲ್ಲ.

ಪ್ರದರ್ಶನ ಮುಗಿಸಿ ಅಂಗಡಿಗೆ ಬಂದವರೇ ಗೋಡೆಯ ಮೇಲಿನ ಕ್ರೀಕಿನ ಫೋಟೋ ಕಂಡು, ಇದು ಜೋಡಿಸಿದ್ದು, ಇಲ್ಲಿರುವುದು ಬೇಡ ಎಂದರು ಜುಬೈದ. ಬಿಸಿಲು ಇಳಿದ ಮೇಲೆ ಇಬ್ಬರನ್ನೂ ಅದೇ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಮೊಯ್ದಿನಾಕ ಅರ್ಧ ಮುಖದಲ್ಲಿ ನಕ್ಕರು. ನಾನು ಕ್ಯಾಮೆರಾ ಎತ್ತುವಾಗ ಜುಬೈದ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಅವರದ್ದು ಹಾಗೆಯೇ ಇರ್ಲಿ. ನನ್ನ ಈ ಗಲ್ಲದ ಕೆಳಗಿನದ್ದನ್ನು ಮಾತ್ರ ಸ್ವಲ್ಪ ತೆಗೀಲಿಕ್ಕೆ ಹೇಳಿ."

"ಇಲ್ಲ, ಮುಟ್ಟುದಿಲ್ಲ" ಎಂದು ಅಲ್ಲಿಂದಲೇ ಕೂಗಿದರು ಮೊಯ್ದಿನಾಕ.

ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿದಾಗ ಅವರು ರೂಢಿಯಂತೆ ಅದನ್ನು ದೊಡ್ಡದು ಮಾಡಿ, ಇಬ್ಬರ ಭುಜ ಸೇರುವಲ್ಲಿ ಜೋಡಣೆಯ ಗೆರೆ ಕಾಣುತ್ತದೆಯೇ ಎಂದು ಹುಡುಕಿದರು. ಮೇಲಿನಿಂದ ಕೆಳಗಿನವರೆಗೆ ನೋಡಿದರು. ಗೆರೆ ಇರಲಿಲ್ಲ. ಮೌಸ್ ಬಿಟ್ಟು ಹಿಂದಕ್ಕೆ ಒರಗಿ, "ಪ್ರಿಂಟ್ ಹಾಕಿ ಪೊರ್ಬುಗಳೇ, ಇದರಲ್ಲಿ ನನಗೆ ಕೆಲಸ ಇಲ್ಲ" ಎಂದರು.